ಬ್ಯಾಡಗಿ ಮನೆಯ ಅನುಭವ ಪತ್ರ

ಬ್ಯಾಡಗಿಯ ಆ ಮುದುಕರು ನಿಜವಾಗಿ ಫ್ರೆಂಚ್ ಮಾತಾಡಿದರೋ ಇಲ್ಲವೋ, ಪ್ರಮಾಣ ಮಾಡಿ ಹೇಳಲಾರೆ. ಲಕ್ವಾ ಹೊಡೆದವರ ಬಾಯಿಂದ ಏನೇನೋ ಸದ್ದುಗಳು ಹೊರಡುತ್ತವೆ. ಕಷ್ಟಪಟ್ಟು ಒಂದು ಭಾಷೆ ಕಲಿತು, ಆಮೇಲೆ ಅದನ್ನಾಡಲು ಯಾರೂ ಸಿಗದೆ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದವನಿಗೆ ಬಸ್ಸಿನ ಬ್ರೇಕಿನಲ್ಲೂ ಆ ಭಾಷೆ ಕೇಳಿಸೀತು. ನಾನು ಅಂಥವನಾಗಿದ್ದೆ. ವರ್ಷವೂ ಸರಿಯಾಗಿ ನೆನಪಿಲ್ಲ. ಎರಡು ಸಾವಿರದ ಐದಿರಬೇಕು, ಆರೂ ಇರಬಹುದು. ಆ ಮನೆಯ ನಡುಮನೆ ನನ್ನ ನೆನಪಿನಲ್ಲಿ ಒಮ್ಮೊಮ್ಮೆ ಹಸಿರು ಬಣ್ಣದ್ದು, ಒಮ್ಮೊಮ್ಮೆ ಬರೀ ಸುಣ್ಣದ್ದು. ಗೋಡೆಯ ಬಣ್ಣವನ್ನೇ ಹಿಡಿದಿಟ್ಟುಕೊಳ್ಳಲಾಗದ ತಲೆ ಮಾತುಗಳನ್ನು ಹೇಗೆ ಹಿಡಿದಿಟ್ಟುಕೊಂಡೀತು?

ಆಗ ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷಿನ ಅತಿಥಿ ಉಪನ್ಯಾಸಕ. ರಾಣೇಬೆನ್ನೂರಿನಲ್ಲಿ ಬಾಡಿಗೆ ಕೋಣೆ, ದಿನಾ ಬಸ್ಸು. ಎಂ.ಎ. ಓದುವಾಗ ಸಂಜೆ ತರಗತಿಗಳಲ್ಲಿ ಎರಡು ವರ್ಷ ಫ್ರೆಂಚ್ ಡಿಪ್ಲೊಮಾ ಮಾಡಿದ್ದೆ. ಎಲ್ಲಿಗೋ ಹೋಗಿಯೇ ಹೋಗುತ್ತೇನೆ ಎಂಬ ಭ್ರಮೆ ಇದ್ದ ಕಾಲ ಅದು. ಹೋಗಲಿಲ್ಲ. ಕೋಣೆಯ ಬಾಗಿಲಿಗೆ 'ಇಂಗ್ಲಿಷ್ ಮತ್ತು ಫ್ರೆಂಚ್ ಕಲಿಸಲಾಗುವುದು' ಎಂದು ರಟ್ಟಿನ ಬೋರ್ಡು ತೂಗುಹಾಕಿದ್ದೆ. ಬೋರ್ಡಿನ ಎರಡನೆಯ ಭಾಷೆ ನೋಡಿ ಮೂರು ವರ್ಷದಲ್ಲಿ ಬಂದವರು ಇಬ್ಬರು. ಒಬ್ಬರು ಅದು ಟೈಪಿಂಗಿನ ಹೊಸ ನಮೂನೆಯೇ ಎಂದು ಕೇಳಿ ಹೋದರು. ಇನ್ನೊಬ್ಬರು ಆಕೆ.

ನಲವತ್ತರ ಆಸುಪಾಸಿನ ವಿಧವೆ. ರಾಣೇಬೆನ್ನೂರಿನ ಸುತ್ತಲಿನ ಹತ್ತಿ ಬೀಜದ ಹೊಲಗಳಲ್ಲಿ 'ಕ್ರಾಸಿಂಗ್' ಕೆಲಸ ಮಾಡುತ್ತಿದ್ದರು. ಹೈಬ್ರಿಡ್ ಬೀಜ ಬೇಕಾದರೆ ಸಂಜೆ ಒಂದು ಜಾತಿಯ ಮೊಗ್ಗಿನ ಕೇಸರವನ್ನು ಉಗುರಿನಿಂದ ಕಿತ್ತು, ಗುರುತಿಗೆ ಕೆಂಪು ಕಾಗದದ ಚೀಲ ತೊಡಿಸಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ಜಾತಿಯ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಕಣ್ಣು ಚುರುಕಾಗಿರಬೇಕು. ಆಕೆಯ ಕಣ್ಣು ಆ ಹಂಗಾಮಿನಲ್ಲಿ ಕೈಕೊಟ್ಟಿತ್ತು. ಮುಂದಿನ ವರ್ಷ ಬರಬೇಡ ಎಂದು ಮೇಸ್ತ್ರಿ ಹೇಳಿಯಾಗಿತ್ತು.

"ಸರ, ಬೋರ್ಡಿನ್ಯಾಗ ಫ್ರೆಂಚ್ ಅಂತ ಬರದೀರಿ. ಖರೇನ ಬರತೈತೇನ್ರಿ?"

"ಸ್ವಲ್ಪ ಬರತೈತ್ರಿ ಅಕ್ಕಾರ. ಯಾರು ಕಲಿಯೂದು, ನಿಮ್ಮ ಮಕ್ಕಳಾ?"

"ಮಕ್ಕಳಿಲ್ರಿ. ಕಲಿಯೂದೂ ಇಲ್ಲ. ನನಗ ಬರತೈತಿ. ಅದು ಹೌದೋ ಅಲ್ಲೋ ನೋಡಿ ಹೇಳ್ರಿ, ಅಷ್ಟ."

ನಾನು ನಕ್ಕಿರಬೇಕು. ಆಕೆ ಸೆರಗು ಸರಿಮಾಡಿಕೊಂಡು, ಕಣ್ಣು ನನ್ನಿಂದ ತೆಗೆದು, ಮಾತಾಡಿದರು. ದಯವಿಟ್ಟು ಬಾಗಿಲು ಹಾಕಿ, ಬೆಳಕು ಚುಚ್ಚುತ್ತಿದೆ. ಅಲ್ಲಿ ನಿಂತವರು ಯಾರು? ಇಷ್ಟೇ. ಶುದ್ಧ ಫ್ರೆಂಚ್, ನನ್ನದಕ್ಕಿಂತ ಸಲೀಸು. ಆದರೆ ಹೇಳುವಾಗ ಆಕೆಯ ಬಾಯಿಯ ಬಲತುದಿ ಕೆಳಕ್ಕೆ ಜೋತಿತು, ನಾಲಿಗೆ ದಪ್ಪವಾಯಿತು, ಸ್ವರ ಗಂಡಸಿನದೆನ್ನುವಷ್ಟು ಇಳಿಯಿತು. ಹಗಲು ಹನ್ನೊಂದು ಗಂಟೆ. ನಾನು ತಿರುಗಿ ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಮತ್ತೆ ಇತ್ತ ನೋಡುವಷ್ಟರಲ್ಲಿ ಬಾಯಿ ಮೊದಲಿನಂತೆ ನೆಟ್ಟಗಾಗಿತ್ತು.

"ತಪ್ಪೈತೇನ್ರಿ?"

"ತಪ್ಪಿಲ್ರಿ," ಎಂದೆ. "ಎಲ್ಲಿ ಕಲ್ತಿರಿ?"

ಗಂಡ ಆಫ್ರಿಕಾದಲ್ಲಿ ಫ್ರೆಂಚ್ ಆಡುವ ಒಂದು ದೇಶದಲ್ಲಿ ಹತ್ತಿ ಬೀಜದ ಮೇಲ್ವಿಚಾರಕನಾಗಿ ಹನ್ನೊಂದು ವರ್ಷ ಇದ್ದವನು. ಊರಿಗೆ ಬಂದ ಎರಡನೆಯ ತಿಂಗಳಲ್ಲಿ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಜೊತೆಗೆ ಕನ್ನಡವೂ ಹೋಯಿತು. ತಾಯಿಯ ಹೆಸರು ಕೂಡ ಹೇಳಲು ಬಾರದು. ಉಳಿದದ್ದು ಫ್ರೆಂಚ್ ಒಂದೇ. ಹೀಗಾಗುವುದುಂಟು ಎಂದು ನಾನು ಆಮೇಲೆ ಓದಿ ತಿಳಿದೆ. ಎರಡು ಭಾಷೆ ಬಲ್ಲವರಲ್ಲಿ ಒಂದು ಅಳಿಸಿಹೋಗಿ ಇನ್ನೊಂದು ಉಳಿಯಬಹುದು, ಕೆಲವು ಸಲ ಆಮೇಲೆ ಕಲಿತದ್ದೇ ಉಳಿಯಬಹುದು.

"ಮೊದಲನೇ ತಿಂಗಳು ಇಬ್ಬರೂ ಬರೇ ಅತ್ತೇವ್ರಿ," ಎಂದರು ಆಕೆ. "ಆಮ್ಯಾಲ ನಾ ಒಂದು ನೋಟಬುಕ್ ತಂದೆ. ನೀರು ನೋಡಿ ಏನಂತಾರ, ಬರಕೊಂಡೆ. ಬಾಗಲಾ ನೋಡಿ ಏನಂತಾರ, ಬರಕೊಂಡೆ. ಎರಡ ವರ್ಷಕ್ಕ ಜಗಳಾ ಮಾಡೂವಷ್ಟು ಬಂತು ನೋಡ್ರಿ."

ಆ ಎರಡು ವರ್ಷದ ಕೊನೆಗೆ ಆತ ತೀರಿಕೊಂಡಿದ್ದ. ನೋಟುಬುಕ್ಕು ಪೂರ್ತಿ ಕನ್ನಡ ಅಕ್ಷರದಲ್ಲಿತ್ತು. ಇಂಗ್ಲಿಷ್ ಅಕ್ಷರ ಗೊತ್ತಿದ್ದರೂ ಫ್ರೆಂಚ್ ಬರಹ ಆಕೆಗೆ ಓದಲು ಬಾರದು. ಬಾಯಿಯ ಬಲತುದಿ ಯಾಕೆ ಜೋಲುತ್ತದೆ ಎಂಬುದಕ್ಕೆ ನನ್ನಲ್ಲಿ ತಕ್ಷಣ ಉತ್ತರ ಸಿದ್ಧವಿತ್ತು: ಆಕೆ ಭಾಷೆ ಕಲಿತದ್ದು ಅರ್ಧ ಸತ್ತ ಒಂದು ಬಾಯಿಯನ್ನು ನೋಡಿ, ಮಾತಿನ ಜೊತೆ ಆ ಬಾಯಿಯ ಆಕಾರವೂ ಬಂದಿದೆ. ಉತ್ತರ ಸರಿಯೇ ಇತ್ತು. ಆದರೂ ಆಕೆ ಹೋದ ಮೇಲೆ ಎದ್ದು ಬಾಗಿಲು ಹಾಕಿದೆ.

ಆಕೆ ನನ್ನಲ್ಲಿಗೆ ಬಂದ ಕಾರಣ ಬೇರೆಯೇ ಇತ್ತು. ಗಂಡನ ಮೇಲಧಿಕಾರಿಯಾಗಿದ್ದವರು ಕೆನಡಾದ ಫ್ರೆಂಚ್ ಪ್ರಾಂತ್ಯದವರು. ಸಾವಿನ ಸುದ್ದಿ ತಿಳಿಸಲು ಆಕೆ ಫೋನ್ ಮಾಡಿದಾಗ ಆಕೆಯ ಫ್ರೆಂಚ್ ಕೇಳಿ ಆ ಮನುಷ್ಯ ಎಲ್ಲಿ ಕಲಿತಿರಿ ಎಂದು ಎರಡೆರಡು ಸಲ ಕೇಳಿದರಂತೆ. ಆಮೇಲೆ ಒಂದು ಪತ್ರ ಬರೆದರು. ತನ್ನ ತಾಯಿಗೆ ವಯಸ್ಸಾಗಿದೆ, ಮನೆಯಲ್ಲೇ ಇದ್ದು ನೋಡಿಕೊಳ್ಳುವವರು ಬೇಕು, ಕಾಗದಪತ್ರ ಹೊಂದಿಸಿಕೊಂಡರೆ ಬರಬಹುದು ಎಂದು.

"ಇಲ್ಲೇ ಇದ್ರ ಮೈದುನನ ಮನಿಯಾಗ ರೊಟ್ಟಿ ಬಡಕೋತ ಕುಂದರಬೇಕ್ರಿ. ಅವ್ರೇನೂ ಕೆಟ್ಟವರಲ್ಲ. ಆದ್ರ ನಂದು ಅಂತ ಒಂದು ಕೆಲಸಾ ಇರೂದಿಲ್ಲ. ಕಣ್ಣಂತೂ ಹೋದುವು. ಉಳದಿದ್ದು ಇದೊಂದ ಮಾತು."

ಹಾವೇರಿಯ ಬಸ್‌ಸ್ಟ್ಯಾಂಡ್ ಎದುರಿನ ಸೈಬರ್ ಕೆಫೆಯಲ್ಲಿ ಕೂತು ನಾನು ದಾರಿಗಳನ್ನು ಹುಡುಕಿದೆ. ಫ್ರೆಂಚ್ ಬಲ್ಲವರನ್ನು ಆ ಪ್ರಾಂತ್ಯ ಅಲ್ಲೇ ನೆಲೆಸಲು ಆರಿಸಿಕೊಳ್ಳುತ್ತಿತ್ತು. ಆದರೆ ವಯಸ್ಸಿಗೆ, ಪದವಿಗೆ, ಕಸುಬಿಗೆಲ್ಲ ಅಂಕಗಳಿದ್ದವು, ಪಿಯುಸಿ ಮುಗಿಸಿದ ನಲವತ್ತರ ಹೆಂಗಸಿಗೆ ಅಷ್ಟು ಬರುವಂತಿರಲಿಲ್ಲ. ಸಾಮಾನ್ಯ ಕೆಲಸದ ಪರವಾನಗಿ ಎಂದರೆ, ಈ ಕೆಲಸಕ್ಕೆ ನಮ್ಮಲ್ಲಿ ಯಾರೂ ಸಿಗಲಿಲ್ಲ ಎಂದು ಅಲ್ಲಿಯ ಮಾಲೀಕ ತೋರಿಸಬೇಕು, ಅದು ಒಬ್ಬ ಮಾಲೀಕನಿಗೇ ಕಟ್ಟಿಹಾಕಿದ್ದು, ಎಷ್ಟು ದಿನವಾದೀತೋ ಗೊತ್ತಿಲ್ಲ. ಮೂರನೆಯದು ಮನೆಯಲ್ಲೇ ಉಳಿದು ವೃದ್ಧರನ್ನೋ ರೋಗಿಗಳನ್ನೋ ನೋಡಿಕೊಳ್ಳುವವರಿಗೆಂದೇ ಇದ್ದ ಪರವಾನಗಿ. ಓದು ಸಾಕಿತ್ತು, ಭಾಷೆ ಇತ್ತು, ಕರೆಯುವವರಿದ್ದರು. ಕಡಿಮೆ ಬಿದ್ದದ್ದು ಒಂದೇ: ಅಂಥ ಕೆಲಸದಲ್ಲಿ ಒಂದು ವರ್ಷದ ಅನುಭವ, ಅದೂ ಸಂಬಳದ್ದು, ಮಾಲೀಕರ ಸಹಿಯ ಪತ್ರದೊಡನೆ.

"ಎರಡ ವರ್ಷ ಹೇಲು ಉಚ್ಚಿ ಬಳದಿದ್ದು ಅನುಭವ ಅಲ್ಲಂತೇನ್ರಿ?"

"ಪಗಾರ ಇದ್ದ್ರ ಅನುಭವ ಅಂತಾರ್ರಿ ಅವರು."

"ಹಂಗಾರ ನಮ್ಮ ಮನಿಯವ್ರ ಕಡೆ ಪಗಾರ ಕೇಳಬೇಕಾಗಿತ್ತು ಬಿಡ್ರಿ. ಫ್ರೆಂಚಿನ್ಯಾಗ ಅದನ್ನೂ ಕೇಳತಿದ್ದೆ," ಎಂದು ನಕ್ಕರು.

ಸಹೋದ್ಯೋಗಿಯೊಬ್ಬರ ಮೂಲಕ ಬ್ಯಾಡಗಿಯ ಒಂದು ಮನೆ ಸಿಕ್ಕಿತು. ಮೆಣಸಿನಕಾಯಿ ದಲಾಲಿ ಅಂಗಡಿಯವರು. ಎಂಬತ್ತರ ಹತ್ತಿರದ ಯಜಮಾನರಿಗೆ ಲಕ್ವಾ ಹೊಡೆದು ಮಾತು ನಿಂತಿತ್ತು. ಆಕೆ ಅಲ್ಲೇ ಉಳಿದು ಕೆಲಸ ಮಾಡತೊಡಗಿದರು. ನಾನು ನನ್ನ ಪಾಡಿಗೆ ಬಸ್ಸು ಹತ್ತಿ ಇಳಿಯುತ್ತಿದ್ದೆ. ಹದಿಮೂರು ತಿಂಗಳಾದ ಮೇಲೆ ಒಂದು ದಿನ ಫೋನ್ ಬಂತು.

"ಸರ, ಇವರು ಪತ್ರಾ ಕೊಡವಲ್ರು. ನೀವ ಬಂದು ಹೇಳಬೇಕ್ರಿ. ಪತ್ರಾ ಇಲ್ಲಂದ್ರ ನನ್ನ ವರ್ಷ ನೀರಾಗ ಹೋತು."

ಭಾನುವಾರ ಹೋದೆ. ಮೆಣಸಿನಕಾಯಿ ಸುಗ್ಗಿ, ಬೀದಿಯ ತುಂಬ ಚೀಲ, ಗಾಳಿಯ ತುಂಬ ಧೂಳು. ಮನೆ ಮುಟ್ಟುವಷ್ಟರಲ್ಲಿ ಹತ್ತು ಸಲ ಸೀನಿದ್ದೆ. ಯಜಮಾನರ ಮಗ, ಐವತ್ತರ ಸಾಹುಕಾರರು, ಬಹಳ ಮರ್ಯಾದೆಯಿಂದ ಒಳಗೆ ಕರೆದರು.

"ಬರ್ರಿ ಸರ, ಕುಂದರ್ರಿ. ಚಾ ತಗೋರಿ, ನಾಷ್ಟಾ ಮಾಡ್ರಿ. ಪತ್ರದ ಮಾತೊಂದ ಎತ್ತಬ್ಯಾಡ್ರಿ."

"ಕೆಲಸದಾಗ ಏನರ ಕಡಿಮಿ ಆತೇನ್ರಿ ಸಾವ್ಕಾರ್ರ?"

"ಕಡಿಮಿ ಎಲ್ಲಿದ್ರಿ, ಜಾಸ್ತಿ ಆತು." ಅವರು ದನಿ ತಗ್ಗಿಸಿದರು. "ಅಪ್ಪಾಜಿ ಬಾಯಿ ನಿಂತಿತ್ತು. ಈಗ ಎಂಟು ತಿಂಗಳಿಂದ ಮಾತಾಡಾಕತ್ಯಾರ. ಆದ್ರ ಅದು ನಮ್ಮ ಮಾತಲ್ಲ. ಇಕಿ ಗಂಡ ಸಾಯೂಮುಂದ ಆಡಿದ್ದ ಮಾತಂತ. ಇಕೀನ ಹೇಳ್ಯಾಳ. ಅವನ್ನ ತಂದು ನಮ್ಮಪ್ಪನ ಮೈಯಾಗ ಹೊಗಸ್ಯಾಳ್ರಿ ಇಕಿ."

ನಾನು ವಿಶ್ವವಿದ್ಯಾಲಯದ ದನಿಯಲ್ಲಿ ವಿವರಿಸಿದೆ. ಗಾಳಿ ಸೋಕಿದ್ದಲ್ಲ. ಹಗಲೆಲ್ಲ ಹತ್ತಿರ ಕೂತು ಈಕೆ ಆ ಭಾಷೆಯಲ್ಲೇ ಮಾತಾಡಿದ್ದಾರೆ. ಹಾಸಿಗೆ ಹಿಡಿದವರ ಜೊತೆ ಆಡುವ ಮಾತು ಎಂದರೆ ಇವರಿಗೆ ಅದೇ, ರೂಢಿ. ಹಳೆಯ ಮಾತು ಅಳಿಸಿದ ಜಾಗದಲ್ಲಿ ಕೇಳಿದ್ದು ಕೂತಿದೆ. ಆಕೆ ಕಂಬಕ್ಕೊರಗಿ ತಲೆ ತಗ್ಗಿಸಿ ನಿಂತಿದ್ದರು. ಸಾಹುಕಾರರು ಪೂರ್ತಿ ಕೇಳಿಸಿಕೊಂಡರು.

"ಕದರಮಂಡಲಗಿ ಹಣಮಪ್ಪನ ಗುಡಿಗೆ ಹೋಗಿ ದಾರ ಕಟ್ಟಿಸಿಕೊಂಡ ಬಂದೇವಿ, ಹೋಗಲಿಲ್ಲ. ಮೆಣಸಿನಕಾಯಿ ನಿವಾಳಿಸಿ ಸುಟ್ಟೇವಿ. ಘಾಟು ಬರಲಿಲ್ರಿ ಸರ! ಏನೂ ಇಲ್ಲಂದ್ರ ಘಾಟು ಬರಬೇಕಿಲ್ಲೋ?"

"ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರು, ಖಾರಕ್ಕಲ್ಲ. ಅದೂ ಅಲ್ಲದ ಈ ಊರಾಗ ಯಾರ ಮೂಗಿಗೆ ಘಾಟು ತಿಳೀತೈತ್ರಿ?"

"ಮೆಣಸಿನಕಾಯಿ ವಿಷಯಾ ನನಗ ತಿಳಿಸಿ ಹೇಳಾಕ ಬಂದ ಮೊದಲನೇ ಮನಶ್ಯಾ ನೀವ ನೋಡ್ರಿ," ಎಂದರು ಅವರು, ಸಿಟ್ಟಿಲ್ಲದೆ. "ಗುಂಟೂರು ಕಾಯಿ ತರಿಸಿ ಸುಟ್ಟೇವಿ."

ಅಷ್ಟರಲ್ಲೇ ಒಳಕೋಣೆಯಿಂದ ಸ್ವರ ಬಂತು. ಅಲ್ಲಿ ನಿಂತವರು ಯಾರು? ಹೀಗೆ ಕೇಳಿತು ಎಂದು ನನ್ನ ನೆನಪು. ದಪ್ಪ ನಾಲಿಗೆಯ, ಅವಸರವಿಲ್ಲದ ಫ್ರೆಂಚ್.

ನಾನು ಯೋಚಿಸುವ ಮೊದಲೇ ಫ್ರೆಂಚಿನಲ್ಲಿ "ನಾನು" ಎಂದುಬಿಟ್ಟೆ. ಸಾಹುಕಾರರು ಚಹಾದ ಬಸಿ ಕೆಳಗಿಟ್ಟು ಎದ್ದು ನಿಂತರು. ಮುದುಕರ ಸೊಸೆ, ಸಾಹುಕಾರರ ಹೆಂಡತಿ, ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಅವರೆಲ್ಲ ನೋಡಿದ ನೋಟದಿಂದ ನನಗೆ ತಿಳಿಯಿತು: ಒಳಗಿರುವುದಕ್ಕೆ ಈ ಮಾಸ್ತರನ ಗುರುತೂ ಇದೆ ಎಂದು ಅವರು ಲೆಕ್ಕ ಹಾಕಿಯಾಗಿತ್ತು.

ಒಳಗೆ ಹೋದೆ. ಗೋಡೆಗೊರಗಿಸಿ ಕೂರಿಸಿದ್ದ ಸಣಕಲು ದೇಹ, ಶುಭ್ರವಾದ ಧೋತರ, ಹಣೆಯ ತುಂಬ ವಿಭೂತಿ. ಬಾಯಿಯ ಬಲತುದಿ ಜೋತಿತ್ತು. ಇವರಿಗೂ ಬಲಗಡೆಯೇ ಲಕ್ವಾ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ನನ್ನ ಮುಖ ನೋಡುತ್ತ ಹೇಳಿದರು: ಮಳೆ ಬರುತ್ತದೆ, ಹತ್ತಿ ಒಳಗೆ ತನ್ನಿ. ಹುಟ್ಟಿದಾಗಿನಿಂದ ಮೆಣಸಿನಕಾಯಿ ಬಿಟ್ಟು ಬೇರೆ ವ್ಯಾಪಾರ ಮಾಡದ ಮನುಷ್ಯ. ಹೊರಗೆ ಫೆಬ್ರವರಿಯ ಬಿಸಿಲು. ಸತ್ತ ಗಂಡನ ಮಾತು ಬರೆದಿಟ್ಟ ನೋಟುಬುಕ್ಕಿನ ಸಾಲು ಇದು, ಆಕೆಗೆ ಬರುವುದೇ ಅವನ ಸಾಲುಗಳು, ಇವರು ಕಲಿತದ್ದೂ ಅವನ್ನೇ. ಇದೂ ಸರಿಯಾದ ಉತ್ತರವೇ. ಆದರೆ ಅದು ಗಿಳಿಪಾಠದಂತೆ ಕೇಳಲಿಲ್ಲ. ಹತ್ತಿ ನೆನೆಯುತ್ತದಲ್ಲ ಎಂಬ ನಿಜವಾದ ಕಳವಳ ಆ ಕಣ್ಣಲ್ಲಿತ್ತು. ನಾನು ತರುತ್ತೇನೆ ಎಂದೆ. ಮುಖ ಸಡಿಲಾಯಿತು. ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದರು. ಅಂಗೈ ತಣ್ಣಗಿತ್ತು.

ಹೊರಗೆ ಸೊಸೆ ಗಂಡನಿಗೆ ಹೇಳುತ್ತಿದ್ದರು: "ಪತ್ರಾ ಕೊಟ್ಟು ಕಳಸಿಬಿಡ್ರಿ. ಅದು ಅಕಿ ಬೆನ್ನ ಹತ್ತಿ ಬಂದೈತಿ, ಅಕಿ ಬೆನ್ನ ಹತ್ತೇ ಹೋಗತೈತಿ. ಸಮುದ್ರದ ಆಚೀಕಡೆ ಹೋಗ್ಲಿ. ಇಲ್ಲೇ ಇದ್ದ್ರ ಅದೂ ಇಲ್ಲೇ ಇರತೈತಿ."

ಸಾಹುಕಾರರು ನನ್ನ ಕಡೆ ತಿರುಗಿದರು. "ನೀವು ಓದಿದವ್ರು. ಹೇಳ್ರಿ ಸರ. ಅಕಿ ಹೋದ್ರ ಇದು ಹೋಗತೈತೇನು?"

ಹೋಗುವಂಥದ್ದು ಏನೂ ಇಲ್ಲ, ಆಕೆ ಹೋದರೆ ನಿಮ್ಮ ತಂದೆಯ ಮಾತು ತಿಳಿಯುವವರೇ ಇರುವುದಿಲ್ಲ ಎಂದು ಹೇಳಬೇಕಿತ್ತು. ಆಕೆ ಕಂಬದ ಬಳಿ ನನ್ನನ್ನೇ ನೋಡುತ್ತಿದ್ದರು.

"ಹೋಗಬಹುದ್ರಿ," ಎಂದೆ.

ಅರ್ಧ ಗಂಟೆಯಲ್ಲಿ ಪತ್ರ ತಯಾರಾಯಿತು. ಅಂಗಡಿಯ ಲೈಸೆನ್ಸು ಇನ್ನೂ ಮುದುಕರ ಹೆಸರಿನಲ್ಲಿದ್ದುದರಿಂದ ಮಾಲೀಕರು ಎಂದು ಅವರ ಹೆಸರನ್ನೇ ಹಾಕಿದೆ. ಅವರ ಪರವಾಗಿ ಮಗ ಸಹಿ ಮಾಡಿದರು. ವಿಚಾರಿಸಬೇಕಾದರೆ ಎಂದು ಮನೆಯ ಫೋನ್ ನಂಬರು ಬರೆದೆ. ಸಾಹುಕಾರರು ಮಸಿ ಆರುವವರೆಗೂ ಕಾಯದೆ ಕಾಗದವನ್ನು ಆಕೆಯ ಕೈಗಿತ್ತರು, ಬಿಸಿ ಪಾತ್ರೆ ದಾಟಿಸುವವರಂತೆ.

ಬಸ್‌ಸ್ಟ್ಯಾಂಡಿನವರೆಗೂ ಆಕೆಯೂ ನನ್ನ ಜೊತೆ ನಡೆದು ಬಂದರು. ಆಮೇಲೆ ಕೇಳಿದರು: "ನಾ ಹೋದ ಮ್ಯಾಲ ಅವರ ಜೋಡಿ ಯಾರು ಮಾತಾಡ್ತಾರ್ರಿ?"

"ನಿಮಗ ಪತ್ರಾ ಬೇಕಾಗಿತ್ತಿಲ್ಲೋ?"

"ಬೇಕಾಗಿತ್ರಿ. ಅದಕ್ಕ ಕೇಳಾಕತ್ತೇನಿ. ನಾ ಕಲಿಸಬೇಕಂತ ಕಲಿಸಲಿಲ್ಲ ಸರ. ಒಬ್ಬಕೀನ ಕುಂತು ಆಡಕೋತಿದ್ದೆ. ಒಂದಿನ ಅವರು ಉತ್ತರಾ ಕೊಟ್ರು." ಪತ್ರವನ್ನು ಚೀಲದೊಳಗಿಡುತ್ತ ಹೇಳಿದರು: "ಈ ಮೂರು ತಾಲೂಕಿನ್ಯಾಗ ಅವರ ಮಾತು ತಿಳಿಯೂ ಇನ್ನೊಬ್ಬರಂದ್ರ ನೀವ. ಐತವಾರಕ್ಕೊಮ್ಮಿ ಹೋಗ್ರಿ."

ಹೋಗುತ್ತೇನೆ ಎಂದು ಮಾತು ಕೊಟ್ಟೆ. ಎರಡು ಭಾನುವಾರ ಹೋದೆ. ಮುದುಕರು ಮಳೆಯ ಮಾತು, ಬೆಳಕಿನ ಮಾತು, ಹತ್ತಿಯ ಮಾತು ಆಡಿದರು. ಆಕೆ ಎಲ್ಲಿ ಎಂದು ಕೇಳಿದರು. ಮೂರನೆಯ ಸಲ ಸಾಹುಕಾರರು ಕಟ್ಟೆಯ ಮೇಲೆಯೇ ತಡೆದರು. "ತಪ್ಪ ತಿಳೀಬ್ಯಾಡ್ರಿ ಸರ. ಉಳದ ದಿನ ಸುಮ್ಮ ಇರತಾರ, ನೀವು ಬಂದಾಗ ಜೋರಾಗತೈತಿ." ನನಗೆ ಬೇಸರವಾಯಿತು ಎಂದು ಬರೆಯಬಹುದು. ಆದದ್ದು ನಿರಾಳ. ಹಿಂದಿನ ವಾರ ಕನ್ನಡಿಯ ಮುಂದೆ ಫ್ರೆಂಚ್ ಉಚ್ಚರಿಸುತ್ತ ನನ್ನ ಬಾಯಿಯ ಬಲತುದಿಯನ್ನು ನೋಡಿಕೊಂಡಿದ್ದೆ. ಜೋತಿತ್ತೋ ಇಲ್ಲವೋ ತೀರ್ಮಾನವಾಗಿರಲಿಲ್ಲ.

ಕಾಗದಗಳು ಹೋದವು. ಆಕೆ ಮೈದುನನ ಮನೆಯಲ್ಲಿ ಕಾಯುತ್ತಿದ್ದರು. ಪರವಾನಗಿ ಕೊಡುವವರು ಅನುಭವ ಪತ್ರಗಳನ್ನು ಸುಮ್ಮನೆ ನಂಬುವುದಿಲ್ಲ, ಫೋನ್ ಮಾಡಿ ಕೇಳುತ್ತಾರೆ ಎಂದು ಓದಿದಾಗಿನಿಂದ ನನಗೆ ಧೈರ್ಯವಿರಲಿಲ್ಲ. ಆ ಮನೆಯವರು ಭಯದಲ್ಲಿ ಏನು ಹೇಳಿಯಾರು? ಅಂಥ ಹೆಂಗಸು ನಮಗೆ ಗೊತ್ತೇ ಇಲ್ಲ ಎಂದರೆ ಮುಗಿಯಿತು.

ಕೆಲವು ತಿಂಗಳ ಮೇಲೆ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಡಗಿಯ ಸೊಸೆ ಸಿಕ್ಕರು. ನನ್ನನ್ನು ನೋಡಿ ದೂರ ಸರಿಯಹೊರಟವರು, ಏನೋ ನೆನೆಸಿಕೊಂಡು ಹತ್ತಿರ ಬಂದರು.

"ಸರ, ಒಂದ ಮಾತು. ಮನಿಯವ್ರಿಗೆ ಹೇಳಬ್ಯಾಡ್ರಿ. ಹೋದ ವಾರ ಮಧ್ಯಾಹ್ನ ಫೋನ್ ಬಂತು. ಮನಿಯಾಗ ನಾ ಒಬ್ಬಕೀನ. ಎತ್ತಿದ್ರ ಅದ ಮಾತು! ಅದ, ಮಾವಾರು ಆಡ್ತಾರಲ್ಲ, ಅದು. ಫೋನಿನೊಳಗಿಂದ ಕರಿಯಾಕತ್ತಿತ್ತು."

"ನೀವೇನಂದ್ರಿ?"

"ನಾ ಏನಂತೀನ್ರಿ? ಅದು ನನ್ನ ಕರದಿದ್ದಲ್ಲ. ಯಾರಿಗೆ ಬಂದೈತಿ ಅವರಿಗೇ ಕೊಡೂಣು ಅಂತ ವೈರು ಎಳಕೊಂಡು ಹೋಗಿ ಮಾವಾರ ಕಿವಿಗೆ ಹಿಡದೆ. ಕಣ್ಣ ಮುಚ್ಚಿಕೊಂಡ ನಿಂತೆ ನೋಡ್ರಿ. ಮಾವಾರು ಆಡಿದ್ರು, ಆಡಿದ್ರು, ಅಷ್ಟೊತ್ತು ಎಂದೂ ಆಡಿಲ್ಲ. ನಕ್ಕರೂ. ಆಮ್ಯಾಲ ಅತ್ರು."

"ಏನಂತ ಆಡಿದ್ರು?"

"ಅದು ನಿಮಗ ತಿಳೀತಿತ್ತು, ನನಗ ಹೆಂಗ ತಿಳೀಬೇಕ್ರಿ?" ಬಸ್ಸು ಬಂತು, ಹತ್ತಿ ಹೋದರು.

ನಾನು ನಂಬಲಿಲ್ಲ. ಯಾವುದೋ ತಪ್ಪು ನಂಬರು, ಬಾರದ ಭಾಷೆ. ಭಯಗೊಂಡ ಹೆಂಗಸಿನ ಕಿವಿಗೆ ಎಲ್ಲವೂ ಒಂದೇ. ಆಮೇಲೆ ಒಂದೆರಡು ತಿಂಗಳಲ್ಲಿ ಪರವಾನಗಿ ಬಂತು. ಆಕೆ ಹೊಸ ಕನ್ನಡಕ ಹಾಕಿಕೊಂಡು ಬಂದು, ಅದನ್ನು ನನ್ನ ಮೇಜಿನ ಮೇಲಿಟ್ಟು, ಎಲ್ಲಿ ಏನು ಬರೆದಿದೆ ಓದಿ ಹೇಳಿ ಎಂದರು. ಬ್ಯಾಡಗಿಗೆ ಹೋಗುತ್ತಿದ್ದೀರಾ ಎಂದು ಕೇಳಿದರು. ಹೂಂ ಎಂದೆ. ಮುಂಬೈಯಿಂದ ವಿಮಾನ ಹತ್ತಿದರು. ಬ್ಯಾಡಗಿಯ ಮುದುಕರು ಮರುವರ್ಷ ತೀರಿಕೊಂಡ ಸುದ್ದಿ ನನಗೆ ಸಹೋದ್ಯೋಗಿಯಿಂದ ತಿಳಿಯಿತು, ಮಣ್ಣಾದ ಎಷ್ಟೋ ದಿನದ ಮೇಲೆ.

ಅಲ್ಲಿ ನೆಲೆಸಿದವರು ತಮ್ಮ ಕಡತದ ನಕಲನ್ನು ಸರಕಾರದಿಂದ ಕೇಳಿ ಪಡೆಯಬಹುದು. ಎರಡು ವರ್ಷದ ಮೇಲೆ, ಅಲ್ಲೇ ಕಾಯಂ ಆಗಲು ಅರ್ಜಿ ಹಾಕುವಾಗ, ಆಕೆ ಅದನ್ನು ತರಿಸಿದರು. ಫ್ರೆಂಚ್ ಬರಹ ಇನ್ನೂ ಓದಲು ಬಾರದ್ದರಿಂದ ಒಂದು ನಕಲನ್ನು ನನಗೆ ಅಂಚೆಯಲ್ಲಿ ಕಳಿಸಿ, ತೊಂದರೆಯಾಗುವಂಥದ್ದೇನಾದರೂ ಇದೆಯೇ ನೋಡಿ ಎಂದು ಕನ್ನಡದಲ್ಲಿ ಚೀಟಿ ಇಟ್ಟಿದ್ದರು. ತೊಂದರೆಯಾಗುವಂಥದ್ದು ಇರಲಿಲ್ಲ. ಮೂರನೆಯ ಪುಟದಲ್ಲಿ ಅನುಭವ ಪತ್ರದ ಬಗ್ಗೆ ಅಧಿಕಾರಿಯ ಟಿಪ್ಪಣಿ ಇತ್ತು. ಅದನ್ನು ಬೇರೆ ಬೇರೆ ದಿನ, ಪದಕೋಶ ಪಕ್ಕದಲ್ಲಿಟ್ಟುಕೊಂಡು, ಮೂರು ಸಲ ಓದಿದ್ದೇನೆ. ಬೇರೆ ಅರ್ಥ ಹೊರಡುವುದಿಲ್ಲ. ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಲಾಯಿತು. ಹೆಸರು ಬರೆದಿದ್ದ ವೃದ್ಧ ಮಾಲೀಕರೇ ಮಾತಾಡಿದರು, ಫ್ರೆಂಚಿನಲ್ಲಿ. ಆಕೆ ತಮ್ಮನ್ನು ನೋಡಿಕೊಂಡದ್ದು ನಿಜವೆಂದರು. ನಾಳೆಯೂ ಫೋನ್ ಮಾಡಿ ಎಂದು ಕೇಳಿಕೊಂಡರು.